ಬೀರುವಿನಲ್ಲಿದ್ದ ಬ್ಯಾಡ್ಜು

ಡಿಸೆಂಬರ್ 3, 2007, ಸೋಮವಾರ. ವಿಶಾಖಪಟ್ಟಣ

ಸಂಜೆ ಏಳೂಕಾಲು. ಇವತ್ತು ಕೌಂಟರಿನಲ್ಲಿ ನಲವತ್ತಾರು ಟೋಕನ್ ಕೊಟ್ಟೆ. ಹದಿನಾಲ್ಕು ಸಿ.ಟಿ. ಸ್ಕ್ಯಾನಿಗೆ, ಉಳಿದವು ಎಕ್ಸ್‌ರೇಗೆ ಮತ್ತು ಅಲ್ಟ್ರಾಸೌಂಡಿಗೆ. ನಮ್ಮ ಯಜಮಾನರು ತೀರಿಕೊಂಡು ನಾಳೆಗೆ ಆರು ತಿಂಗಳು. ಇಪ್ಪತ್ತೆರಡು ವರ್ಷ ಅವರು ಎಕ್ಸ್‌ರೇ ತೆಗೆದ ಸೆಂಟರಿನಲ್ಲೇ ನಾನು ಸೆಪ್ಟೆಂಬರಿನಿಂದ ಬಂದವರ ಹೆಸರು, ವಯಸ್ಸು ಬರೆದುಕೊಳ್ಳುತ್ತಾ ಕೂತಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದವಳಿಗೆ ಡಾಕ್ಟರ್ ರಾಮಮೋಹನ್ ಕರೆದು ಕೊಟ್ಟ ಕೆಲಸ. ಸೆಂಟರು ಅವರದೇ.

ಮಧ್ಯಾಹ್ನ ಊಟದ ಹೊತ್ತಿಗೆ ರಿಪೋರ್ಟ್ ಟೈಪ್ ಮಾಡುವ ಕನಕದುರ್ಗ ಪೇಪರು ಹಿಡಿದುಕೊಂಡು ಬಂದಳು. ನನಗೆ ತೆಲುಗು ಮಾತು ಸಲೀಸು, ಓದು ನಿಧಾನ. ಅವಳೇ ಓದಿ ಹೇಳಿದಳು. ಸಿ.ಟಿ. ಸ್ಕ್ಯಾನ್ ಮತ್ತೆ ಮತ್ತೆ ಮಾಡಿಸಿಕೊಂಡರೆ ಮುಂದೆ ಯಾವಾಗಲೋ ಕೆಲವರಿಗೆ ಕ್ಯಾನ್ಸರ್ ಬರಬಹುದೆಂದು ಅಮೆರಿಕದ ಡಾಕ್ಟರುಗಳು ಬರೆದಿದ್ದಾರಂತೆ. ಮಕ್ಕಳಿಗೆ ಅಪಾಯ ಜಾಸ್ತಿಯಂತೆ. ಅದರ ಕೆಳಗೇ ಇನ್ನೊಬ್ಬ ಡಾಕ್ಟರು, ಇಷ್ಟು ಕಡಿಮೆ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಪುರಾವೆ ಇಲ್ಲ, ಜನರನ್ನು ಸುಮ್ಮನೆ ಹೆದರಿಸಬೇಡಿ ಎಂದಿದ್ದಾರೆ.

“ಹಂಗಾದ್ರೆ ಯಾವುದು ನಿಜ?” ಎಂದೆ.

“ನನ್ನ ಕೇಳಿದ್ರೆ? ‘ಎಲ್ಲಾ ನಾರ್ಮಲ್’ ಅಂತ ದಿನಕ್ಕೆ ಮೂವತ್ತು ಸಲ ಟೈಪ್ ಹೊಡೀತೀನಿ. ಅಷ್ಟೇ ನನ್ನ ಡಾಕ್ಟರಿಕೆ.” ನಗುತ್ತಿದ್ದವಳು ನನ್ನ ಮುಖ ನೋಡಿ ನಿಲ್ಲಿಸಿದಳು. “ಸಾರಿ ಅಕ್ಕಾ. ನಾನು ಪೇಪರು ತರಬಾರದಾಗಿತ್ತು.”

ನಮ್ಮವರಿಗೆ ಬಂದದ್ದು ರಕ್ತದ ಕ್ಯಾನ್ಸರ್. ಯಾಕೆ ಬಂತೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ನಾಲ್ಕು ತಿಂಗಳು ರಕ್ತ ಕೊಡುವವರನ್ನು ಹುಡುಕುವುದರಲ್ಲೇ ಹೋಯಿತು. ಪೇಪರಿನ ಆ ತುಂಡನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಕೇಳಲು ಈಗ ಪುರುಸೊತ್ತಿದೆ.

ಅನು ಮೊಸರನ್ನವನ್ನು ಅರ್ಧಕ್ಕೆ ಬಿಟ್ಟು “ಒದ್ದು ಅಮ್ಮಾ” ಎಂದು ಎದ್ದಳು. ಎಂಟನೇ ಕ್ಲಾಸಿಗೆ ಬಂದ ಮೇಲೆ ಊಟದಲ್ಲಿ ಬಹಳ ಹಟ. ಬೇಡ ಎಂದು ಕನ್ನಡದಲ್ಲಿ ಹೇಳಲೂ ಸೋಮಾರಿತನ. ಬೈದೆ.

ಡಿಸೆಂಬರ್ 6, ಗುರುವಾರ

ಸಂಜೆ ಆರೂವರೆ. ಡಾಕ್ಟರನ್ನು ಕೇಳಲು ಮೂರು ದಿನ ಬೇಕಾಯಿತು. ಅವರು ಬೆಳಕಿನ ಪೆಟ್ಟಿಗೆಗೆ ಫಿಲ್ಮು ಸಿಕ್ಕಿಸಿ ನೋಡುತ್ತಿದ್ದರು. ಅವರ ತೆಲುಗನ್ನು ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಕೂತ್ಕೊಳ್ಳಮ್ಮಾ. ಆಕಾಶದಿಂದ, ಮಣ್ಣಿಂದ ದಿನಾ ನಮ್ಮೆಲ್ಲರ ಮೇಲೂ ಸ್ವಲ್ಪ ಸ್ವಲ್ಪ ವಿಕಿರಣ ಬೀಳ್ತಾನೇ ಇರುತ್ತೆ. ನಮ್ಮ ಭೀಮಿಲಿ ಕಡಲತೀರದ ಮರಳಿನಲ್ಲಿ ಇನ್ನೂ ಜಾಸ್ತಿ. ಅಲ್ಲಿ ಜನ ಬದುಕಿಲ್ವಾ? ಎದೆಯ ಎಕ್ಸ್‌ರೇ ಒಂದು ತೆಗೆದ್ರೆ ಕೆಲವು ದಿನ ಸುಮ್ಮನೆ ಬದುಕಿದ್ರೆ ಬೀಳುವಷ್ಟೇ.”

“ಸಿ.ಟಿ. ಸಾರ್?”

“ಅದು ಬೇರೆ. ಹೊಟ್ಟೆಯದಾದ್ರೆ ಎರಡು ಮೂರು ವರ್ಷ ಬದುಕಿದಷ್ಟು.”

“ಒಂದೇ ನಿಮಿಷದಲ್ಲಿ ಮೂರು ವರ್ಷವಾ?”

ಅವರು ಕನ್ನಡಕ ತೆಗೆದರು. “ಹಾಗೆ ಕೇಳಿದ್ರೆ ಯಾರಿಗಾದ್ರೂ ಭಯ ಆಗುತ್ತೆ. ಕೃಷ್ಣಪ್ರಸಾದ್ ಗಾರು ಮೆಷಿನ್ನಿನಲ್ಲಿ ಮಲಗಿದವರಲ್ಲಮ್ಮಾ, ಗೋಡೆಯ ಹಿಂದೆ ನಿಂತವರು. ಅವರಿಗೆ ಎಷ್ಟು ತಗುಲಿತು ಅಂತ ಎದೆ ಮೇಲೆ ಹಾಕ್ಕೊಳ್ಳೋ ಬ್ಯಾಡ್ಜಿನ ಲೆಕ್ಕ ಫೈಲಿನಲ್ಲಿದೆ. ತೆಗೆಸ್ತೀನಿ, ನೀವೇ ನೋಡಿ.”

ಗೋಡೆಯ ಹಿಂದೆ ಎಂದರು. ಅಳುವ ಮಕ್ಕಳನ್ನು ಮೇಜಿನ ಮೇಲೆ ಅಲುಗಾಡದಂತೆ ಹಿಡಿಯುತ್ತಿದ್ದವರು ಯಾರು? ವಿಕಿರಣ ತಡೆಯುವ ಸೀಸದ ಏಪ್ರನ್ ಒಂದೇ ಇರುತ್ತಿತ್ತು, ಅದನ್ನು ತಾಯಿಗೆ ತೊಡಿಸಿ ತಾವು ಹಾಗೇ ನಿಲ್ಲುತ್ತಿದ್ದುದಾಗಿ ನಮ್ಮವರೇ ನನಗೆ ಹೇಳಿದ್ದರು. ಅದನ್ನು ಹೇಳಬೇಕಿತ್ತು. ಎದ್ದು ಕೌಂಟರಿಗೆ ಬಂದೆ. ಹೊರಗೆ ಟೋಕನಿಗಾಗಿ ಜನ ಕಿಟಕಿ ಬಡಿಯುತ್ತಿದ್ದರು.

ಡಿಸೆಂಬರ್ 11, ಮಂಗಳವಾರ

ಫೈಲು ಸಿಗಲಿಲ್ಲವಂತೆ. ನಾಳೆ ಎಂದರು. ನಿನ್ನೆಯೂ ನಾಳೆ ಎಂದಿದ್ದರು.

ಅನು ಆಟದ ಪೀರಿಯಡ್ಡಿಗೆ ಹೋಗದೆ ಕ್ಲಾಸಿನಲ್ಲೇ ಕೂರುತ್ತಾಳೆ ಎಂದು ಟೀಚರು ಬರೆದು ಕಳಿಸಿದ್ದಾರೆ. ಸಹಿ ಹಾಕಿದೆ.

ಡಿಸೆಂಬರ್ 14, ಶುಕ್ರವಾರ

ಸಂಜೆ ಏಳು. ಇವತ್ತು ಫೈಲು ಸಿಕ್ಕಿತು. ಡಾಕ್ಟರು ನನ್ನನ್ನು ಕೂರಿಸಿ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಮೂರು ತಿಂಗಳಿಗೊಂದು ಸಾಲು. ಬ್ಯಾಡ್ಜಿನ ಒಳಗಿನ ಕಾರ್ಡು ಲ್ಯಾಬಿಗೆ ಹೋಗುತ್ತದೆ, ಎಷ್ಟು ವಿಕಿರಣ ತಗುಲಿತೆಂದು ಅಳೆದು ಬರೆದು ಕಳಿಸುತ್ತಾರೆ. ಅವರ ಹೆಸರಿನ ಮುಂದೆ ಮೊದಮೊದಲು ಸಣ್ಣ ಸಣ್ಣ ಅಂಕಿಗಳಿದ್ದವು. 2001ರ ಮಳೆಗಾಲದಿಂದ ಈಚೆಗೆ ಎಲ್ಲ ಸೊನ್ನೆ. ಆರು ವರ್ಷ, ಉದ್ದಕ್ಕೂ ಸೊನ್ನೆ.

“ನೋಡಿದ್ರಾ ಅಮ್ಮಾ? ಏನೇನೂ ಇಲ್ಲ. ಬಹಳ ಜಾಗ್ರತೆಯ ಮನುಷ್ಯ. ಇನ್ನಾದ್ರೂ ಮನಸ್ಸಿಗೆ ಸಮಾಧಾನ ತಂದ್ಕೊಳ್ಳಿ.”

ನಾನು ಸರಿ ಸಾರ್ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕಂಚರಪಾಲೆಂ ದಾಟುವವರೆಗೂ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದೆ ಹೋಗಿ ನಡೆದು ಬಂದೆ.

2001ರ ಮಳೆಗಾಲದಲ್ಲಿ ನಾನು ಅವರ ಷರಟಿನ ಜೊತೆ ಬ್ಯಾಡ್ಜನ್ನೂ ಸೋಪಿನ ನೀರಿನಲ್ಲಿ ನೆನೆಹಾಕಿದ್ದೆ. ಸೆಂಟರಿನಲ್ಲಿ ಅವರಿಗೆ ಮೆಮೊ ಕೊಟ್ಟರು. ಎರಡು ದಿನ ಅವರು ನನ್ನ ಮೇಲೆ ಮುನಿಸಿಕೊಂಡರು. ಆಮೇಲೆ ನಾನೇ ಹೇಳಿದೆ, ಇಷ್ಟು ರಗಳೆಯ ವಸ್ತು ಷರಟಿನ ಮೇಲೆ ಯಾಕೆ, ಬೀರುವಿನಲ್ಲಿ ಇಡುತ್ತೇನೆ, ಕಳಿಸುವ ದಿನ ಕೊಡುತ್ತೇನೆ ಎಂದು. ಅವರು ಅದು ಹಾಗಲ್ಲ ಕಣೇ ಎಂದರು. ಆದರೆ ಹಾಗೇ ನಡೆಯಿತು. ಹೊಸ ಬ್ಯಾಡ್ಜು ಬಂದ ದಿನ ನಾನೇ ಷರಟಿನಿಂದ ಬಿಚ್ಚಿ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟು ಬೀಗ ಹಾಕುತ್ತಿದ್ದೆ. ಕಳಿಸುವ ದಿನ ಟಿಫಿನ್ ಡಬ್ಬಿಯ ಜೊತೆ ಕೊಡುತ್ತಿದ್ದೆ. ಒಂದು ಸಲವೂ ಮರೆತಿಲ್ಲ.

ಆರು ವರ್ಷ ಆ ಲ್ಯಾಬಿನವರು ಅಷ್ಟು ಶ್ರದ್ಧೆಯಿಂದ ಅಳೆದದ್ದು ನಮ್ಮ ಬೀರುವನ್ನು. ನನ್ನ ಸೀರೆಗೆ ಏನೂ ತಗುಲಿಲ್ಲವಂತೆ.

ಇನ್ನು ಯಾರನ್ನು ಏನೆಂದು ಕೇಳಲಿ?

ಡಿಸೆಂಬರ್ 15

ಅಡಿಗೆ ಮಾಡಲಿಲ್ಲ. ಅನು ಹಸಿವಿಲ್ಲ ಎಂದಳು. ಒಳ್ಳೆಯದೇ ಆಯಿತು.

ಡಿಸೆಂಬರ್ 20, ಗುರುವಾರ

ಸಂಜೆ ಆರು. ಇವತ್ತು ಬೈಸಿಕೊಂಡೆ. ಗೋಪಾಲಪಟ್ಟಣದ ಕಡೆಯ ಒಬ್ಬ ಹೆಂಗಸು ಏಳು ವರ್ಷದ ಮಗಳನ್ನು ಕರೆದುಕೊಂಡು ತಲೆಗೆ ಸಿ.ಟಿ. ಮಾಡಿಸಲು ಬಂದಿದ್ದಳು. ಮಗು ಬೆಂಚಿನ ಮೇಲೆ ಹತ್ತಿ ಇಳಿಯುತ್ತಿತ್ತು.

“ಏನಾಯ್ತಮ್ಮಾ?”

“ತಲೆನೋವು ಅಂತಾಳೆ. ನಮ್ಮ ಡಾಕ್ಟರು ಕಣ್ಣಿನ ಡಾಕ್ಟರಿಗೆ ತೋರಿಸಿ ಅಂದ್ರು. ನಮ್ಮ ಯಜಮಾನ್ರು ಬೇಡ, ನೇರ ಸ್ಕ್ಯಾನೇ ಮಾಡಿಸಿಬಿಡೋಣ ಅಂತ ಹಟ ಹಿಡಿದು ಚೀಟಿ ಬರೆಸಿದ್ರು. ಸ್ಕ್ಯಾನು ಬರೆಯದವನು ಎಂಥ ಡಾಕ್ಟರು?”

ನನಗೆ ತಡೆಯಲಾಗಲಿಲ್ಲ. ಪರ್ಸಿನಿಂದ ಪೇಪರಿನ ತುಂಡು ತೆಗೆದು ಅವಳ ಮುಂದೆ ಇಟ್ಟೆ. ಮೊದಲು ಕಣ್ಣು ತೋರಿಸು, ಮಗುವನ್ನು ಅದರೊಳಗೆ ಮಲಗಿಸಬೇಡ ಎಂದೆ. ಅವಳು ಓದಿ ಮಗುವನ್ನು ಎಳೆದುಕೊಂಡು ಹೋದಳು. ಗಂಟೆಯೊಳಗೆ ಅವಳ ಗಂಡನ ಫೋನು ಬಂತು, ಆಮೇಲೆ ಚೀಟಿ ಬರೆದ ಡಾಕ್ಟರದ್ದು.

ರಾಮಮೋಹನ್ ಒಳಗೆ ಕರೆದರು. “ನಾನೇ ಆಗಿದ್ರೂ ಆ ಮಗುಗೆ ಸ್ಕ್ಯಾನ್ ಬೇಡ ಅನ್ನಬಹುದಿತ್ತು. ಆದ್ರೆ ಅದನ್ನ ಹೇಳೋದು ನಾನು, ಟೋಕನ್ ಕಿಟಕಿ ಅಲ್ಲ. ನಾಳೆ ನಿಜವಾಗ್ಲೂ ತಲೆಯಲ್ಲಿ ಗಡ್ಡೆ ಇರೋ ಮಗು ಬರುತ್ತೆ. ಅದನ್ನೂ ಓಡಿಸ್ತೀರಾ?”

ಯಾವ ಮಗುವಿಗೆ ಬೇಕು, ಯಾವುದಕ್ಕೆ ಬೇಡ ಎಂದು ನನಗೆ ಹೇಗೆ ಗೊತ್ತಾಗಬೇಕು? ಗೊತ್ತಿರುವವರು ಹೊರಗೆ ಬಂದು ಹೇಳುವುದಿಲ್ಲ. ತಪ್ಪೆಲ್ಲ ಕಿಟಕಿಯಲ್ಲಿ ಕೂತವಳದು. ಕನಕದುರ್ಗ ಟೀ ತಂದಿಟ್ಟು, “ಅಕ್ಕಾ, ಇನ್ನು ನಿಮ್ಮ ಪರ್ಸು ನನ್ನ ಹತ್ರ ಕೊಟ್ಟು ಕೂತ್ಕೊಳ್ಳಿ” ಎಂದಳು. ನಗು ಬರಲಿಲ್ಲ.

ಅನು ಬೆಳಿಗ್ಗೆ ಬೇಗ ಏಳುತ್ತಿಲ್ಲ. ಮೈ ಸ್ವಲ್ಪ ಬೆಚ್ಚಗಿತ್ತು.

ಜನವರಿ 4, 2008, ಶುಕ್ರವಾರ

ಸಂಜೆ ಏಳೂವರೆ. ನಾಲ್ಕು ದಿನ ಆಸ್ಪತ್ರೆಯಲ್ಲೇ ಇದ್ದೆವು, ಬರೆಯಲು ಆಗಲಿಲ್ಲ. ಮಂಗಳವಾರ ಹೊಸ ವರ್ಷದ ಬೆಳಿಗ್ಗೆ ಅನು ಬಚ್ಚಲಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು. ಏಳಲಾಗಲಿಲ್ಲ. ಬಲಗಡೆ ಕೆಳಹೊಟ್ಟೆ. ಜ್ವರ ನೂರೆರಡು. ಆಸ್ಪತ್ರೆಯವರು ಅಲ್ಟ್ರಾಸೌಂಡಿಗೆ ಬರೆದರು, ನಮ್ಮ ಸೆಂಟರಿಗೇ ಕರೆತಂದೆ. ರಾಮಮೋಹನ್ ಅವರೇ ಬಹಳ ಹೊತ್ತು ನೋಡಿದರು. ಅಪೆಂಡಿಕ್ಸಿನ ಸುತ್ತ ಗಡ್ಡೆಯಂಥದ್ದು ಕಟ್ಟಿದೆ, ಅಥವಾ ಬೇರೇನೋ, ಹೊಟ್ಟೆಯಲ್ಲಿ ಗಾಳಿ ತುಂಬಿ ಸರಿಯಾಗಿ ಕಾಣುತ್ತಿಲ್ಲ ಎಂದರು. ಇಂಜೆಕ್ಷನ್ನುಗಳಿಗೆ ಜ್ವರ ಇಳಿಯಿತು. ಇವತ್ತು ಮನೆಗೆ ಬಂದೆವು.

ಬರುವ ಮೊದಲು ರಾಮಮೋಹನ್ ಹೇಳಿದರು: “ಒಂದು ಸಿ.ಟಿ. ಮಾಡಿಬಿಡೋಣಮ್ಮಾ. ಒಳಗೆ ಏನಿದೆ ಅಂತ ಸ್ಪಷ್ಟ ಆಗುತ್ತೆ.”

“ಬೇಡ ಸಾರ್.”

“ಬೇಡ ಅಂದ್ರೆ?”

“ಹೊಟ್ಟೆಯದಕ್ಕೆ ಮೂರು ವರ್ಷ ಅಂತ ನೀವೇ ಹೇಳಿದ್ದು. ಇವಳಿಗೆ ಹದಿಮೂರು.”

“ನನ್ನ ಕೌಂಟರಿನಲ್ಲೇ ಕೂತು ನನ್ನ ಮೆಷಿನ್ನು ಬೇಡ ಅಂತೀರಲ್ಲಾ!” ಸಿಟ್ಟೋ ಸಂಕಟವೋ ತಿಳಿಯಲಿಲ್ಲ. “ಸರಿ. ಮತ್ತೆ ನೋವು ಬಂದ್ರೆ ಒಂದು ಗಂಟೆಯೂ ಕಾಯಬೇಡಿ.”

ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎನ್ನುವಂಥ ಮಾತೇ ಎಲ್ಲರದೂ. ಗಡ್ಡೆಯಂಥದ್ದು. ಬೇರೇನೋ. ಅಪಾಯ ಇರಬಹುದು. ಇಲ್ಲದಿರಬಹುದು. ಒಬ್ಬರಾದರೂ ಹೌದು ಅಥವಾ ಇಲ್ಲ ಎನ್ನಬಾರದೇ? ಒಬ್ಬರನ್ನು ಕೊಟ್ಟಾಗಿದೆ. ಇವಳನ್ನು ಕೊಡುವುದಿಲ್ಲ.

ಜನವರಿ 13, ಭಾನುವಾರ. ವಿಜಯವಾಡ

ರಾತ್ರಿ ಎಂಟು. ರತ್ನಾಚಲ್ ರೈಲಿನಲ್ಲಿ ಬಂದಿಳಿದು ಒಂದು ಗಂಟೆಯಾಯಿತು. ಸಂಕ್ರಾಂತಿಗೆ ಬರಲೇಬೇಕೆಂದು ಅತ್ತಿಗೆಯ ಆಜ್ಞೆ. ಅತ್ತಿಗೆ ಸೀತಾಮಹಾಲಕ್ಷ್ಮಿ ನಮ್ಮ ಯಜಮಾನರ ಸ್ವಂತ ಅಕ್ಕ. ಬಳ್ಳಾರಿಯಲ್ಲಿ ಹುಟ್ಟಿ ನಲವತ್ತು ವರ್ಷದಿಂದ ಇಲ್ಲಿನ ಸತ್ಯನಾರಾಯಣಪುರದಲ್ಲಿರುವವರು. ಬಾಗಿಲಲ್ಲೇ ಶುರು ಮಾಡಿದರು.

“ಏಮೇ ಹೇಮಾ, ಮಗು ಮುಖ ಏನಿದು, ಬಾಡಿದ ಬೆಂಡೇಕಾಯಿ ಹಾಗೆ? ನಿನ್ನ ತವರು ಚಳ್ಳಕೆರೆಯಲ್ಲಿ ಮಕ್ಕಳಿಗೆ ಊಟ ಹಾಕೋದಿಲ್ವಾ?”

“ಹಾಕ್ತೀವಿ ಅತ್ತಿಗೆ. ಅವಳೇ ಉಣ್ಣಲ್ಲ.”

“ನೀನು ಉಂಡರೆ ಅವಳೂ ಉಣ್ತಾಳೆ. ನಿನ್ನ ಮುಖ ಕನ್ನಡಿಯಲ್ಲಿ ನೋಡ್ಕೊಂಡಿದೀಯಾ?”

ಊಟಕ್ಕೆ ಕೂತಾಗ ತಮ್ಮನ ಮಾತು ತೆಗೆದರು. ಮೊಣಕಾಲು ನೋವೆಂದು ವಿಶಾಖಪಟ್ಟಣಕ್ಕೆ ಬಂದಾಗ ಇವರೇ ಎಕ್ಸ್‌ರೇ ತೆಗೆದು, “ಅಕ್ಕಾ, ಮೂಳೆ ಗಟ್ಟಿಯಾಗಿದೆ. ನಾಲಿಗೇದೂ ಒಂದು ತೆಗೀಲಾ?” ಎಂದಿದ್ದರಂತೆ. ಅನು ನಕ್ಕಳು. ನಕ್ಕು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಅತ್ತಿಗೆ ಅದನ್ನು ನೋಡಿದರು. ನಾನೂ ನೋಡಿದೆ.

ಜನವರಿ 16, ಬುಧವಾರ, ಕನುಮ (ಸಂಕ್ರಾಂತಿಯ ಮರುದಿನ)

ಮಧ್ಯಾಹ್ನ ಮೂರು. ಅತ್ತಿಗೆ ಬೆಳಿಗ್ಗೆ ನನ್ನನ್ನು ಕೇಳದೆಯೇ ಅನುವನ್ನು ಡಾಕ್ಟರ್ ಚಂದ್ರಮೌಳಿಯವರ ಮನೆಗೆ ಹೊರಡಿಸಿದರು, ನಾನೂ ಜೊತೆಗೆ ಹೋದೆ. ಸೂರ್ಯಾರಾವುಪೇಟೆಯಲ್ಲಿದ್ದಾರೆ. ಕೆಲಸದಿಂದ ನಿವೃತ್ತರಾದ ಮೇಲೂ ಮುಂದಿನ ಕೋಣೆಯಲ್ಲಿ ಕೂತು ಬಂದವರನ್ನು ನೋಡುತ್ತಾರೆ. ಹಬ್ಬದ ದಿನವೂ ಇದ್ದರು.

ಬೆರಳಿನಿಂದ ಮೆಲ್ಲಗೆ ಒತ್ತಿ, “ನೋವಿದೆಯಾ ಪಾಪಾ?” ಎಂದರು.

“ಇಲ್ಲ.” ಅನುವಿನ ಕಣ್ಣಲ್ಲಿ ನೀರು ತುಂಬಿತ್ತು.

“ನೀನು ಇಲ್ಲ ಅಂತೀಯ, ನಿನ್ನ ಹೊಟ್ಟೆ ಹೌದು ಅಂತಿದೆ. ನಾನು ಯಾರನ್ನ ನಂಬಲಿ?”

ಅವಳನ್ನು ಅತ್ತಿಗೆಯ ಜೊತೆ ಹೊರಗೆ ಕಳಿಸಿ ನನಗೆ ಹೇಳಿದರು. ಗಡ್ಡೆ ಕರಗಿಲ್ಲ. ಒಳಗೆ ಕೀವು ತುಂಬಿರಬಹುದು. ಒಡೆದರೆ ಜೀವಕ್ಕೇ ಅಪಾಯ. ಸೂಜಿಯಿಂದ ತೆಗೆಯಬಹುದೋ, ಕೊಯ್ಯಲೇಬೇಕೋ ಎಂದು ಸರ್ಜನ್ನಿಗೆ ತಿಳಿಯಲು ಸಿ.ಟಿ. ಬೇಕು.

ನಾನು ಪೇಪರಿನ ತುಂಡು ತೆಗೆದೆ. ಮಡಿಕೆಯಲ್ಲಿ ಹರಿದಿತ್ತು. ಅವರು ಪೂರ್ತಿ ಓದಿದರು. ಯಾವ ಡಾಕ್ಟರೂ ಅದನ್ನು ಓದಿರಲಿಲ್ಲ. ಅದಕ್ಕೇ ಇರಬೇಕು, ಎಲ್ಲ ಹೇಳಿಬಿಟ್ಟೆ. ನಮ್ಮವರ ಕೆಲಸ, ಮಕ್ಕಳನ್ನು ಹಿಡಿಯುತ್ತಿದ್ದದ್ದು, ಸೊನ್ನೆಗಳು, ನನ್ನ ಸೀರೆಯ ಮಡಿಕೆ. ಇದನ್ನು ಯಾರಿಗೂ ಹೇಳಿರಲಿಲ್ಲ.

“ಬ್ಯಾಡ್ಜು ಅವರ ಎದೆ ಮೇಲೇ ಇದ್ದಿದ್ರೂ ನಾನು ಹೇಳೋದು ಇದನ್ನೇ ತಾಯಿ. ನನಗೆ ಗೊತ್ತಿಲ್ಲ. ಕ್ಯಾನ್ಸರ್ ತಾನು ಎಲ್ಲಿಂದ ಬಂದೆ ಅಂತ ಹೇಳಿ ಬರಲ್ಲ. ಜಪಾನಿನಲ್ಲಿ ಬಾಂಬ್ ಬಿದ್ದಾಗ ಜಾಸ್ತಿ ವಿಕಿರಣ ತಗುಲಿದವರಿಗೆ ಏನಾಯ್ತು ಅಂತ ಗೊತ್ತಿದೆ. ಅಲ್ಲಿಂದ ಒಂದು ಗೆರೆ ಎಳೆದು ಸ್ವಲ್ಪ ತಗುಲಿದವರಿಗೆ ಎಷ್ಟು ಅಂತ ಅಂದಾಜು ಮಾಡ್ತಾರೆ. ಗೆರೆ ಸೊನ್ನೆವರೆಗೂ ಹೋಗುತ್ತೆ ಅಂತ ಕೆಲವರು. ನಡುವೆ ಎಲ್ಲೋ ನಿಲ್ಲುತ್ತೆ ಅಂತ ಕೆಲವರು. ಇನ್ನೂ ಜಗಳ ಮುಗಿದಿಲ್ಲ. ನಾನು ಸಾಯೋದರೊಳಗೆ ಮುಗಿಯೋದೂ ಇಲ್ಲ.”

“ಮತ್ತೆ ನನ್ನ ಮಗಳನ್ನ ಯಾವ ಧೈರ್ಯದ ಮೇಲೆ ಮಲಗಿಸಲಿ?”

“ಈ ಪೇಪರಿನಲ್ಲಿ ಜಗಳ ಆಡ್ತಿರೋ ಇಬ್ಬರನ್ನೂ ಇಲ್ಲಿಗೆ ಕರೆಸಿ, ಆ ಮಗುವಿನ ಹೊಟ್ಟೆ ಮುಟ್ಟಿಸಿ ನೋಡು. ಇಬ್ಬರೂ ಇವತ್ತೇ ಸ್ಕ್ಯಾನ್ ಮಾಡಿಸು ಅಂತಾರೆ. ಕೆಮ್ಮು ಅಂತ ಬಂದವನು ಸಿ.ಟಿ. ಕೇಳಿದ್ರೆ ನಾನೇ ಬೈದು ಕಳಿಸ್ತೀನಿ. ಇವಳಿಗೆ ನಾನೇ ಕೇಳ್ತಿದೀನಿ.”

ನಾನು ನಾಳೆ ಹೇಳುತ್ತೇನೆ ಎಂದೆ. ಅವರು ಗಡಿಯಾರ ನೋಡಿದರು. “ನಾಳೆ ಬೆಳಿಗ್ಗೆ. ಮಧ್ಯಾಹ್ನ ಅಲ್ಲ.”

ಗೊತ್ತಿಲ್ಲ ಎಂದು ಹೇಳಲು ಅಷ್ಟು ವರ್ಷ ಓದಬೇಕೇ? ಸಿಟ್ಟು ಬರುತ್ತಿದೆ. ಅತ್ತಿಗೆ ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಾರೆ. ನನಗೆ ಕೇಳಲೆಂದೇ.

ಜನವರಿ 17, ಗುರುವಾರ

ಸಂಜೆ ಆರು. ಆಸ್ಪತ್ರೆಯ ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಅನುಗೆ ಚಳಿ ಹಿಡಿಯಿತು. ಹಲ್ಲು ಕಟಕಟ ಎನ್ನುತ್ತಿತ್ತು. ಅತ್ತಿಗೆ ಆಟೋ ತಂದರು. ಏಳಕ್ಕೆಲ್ಲ ಸೇರಿಸಿಕೊಂಡರು. ಇನ್ನೊಂದು ಅಲ್ಟ್ರಾಸೌಂಡ್ ಮಾಡಿದರು, ಮತ್ತೆ ಅದೇ ಮಾತು, ಕಾಣುತ್ತಿಲ್ಲ.

ಸರ್ಜನ್ ಬಂದು, “ನೋವು ಯಾವಾಗಿಂದಮ್ಮಾ?” ಎಂದು ಅನುವನ್ನು ಕೇಳಿದರು. ನಾನು ಹೊಸ ವರ್ಷದಿಂದ ಎನ್ನಲು ಬಾಯಿ ತೆರೆದೆ.

“ದೀಪಾವಳಿ ಆದಮೇಲಿಂದ. ಬರ್ತಿತ್ತು, ಹೋಗ್ತಿತ್ತು” ಎಂದಳು ಅನು.

ಅವರು ಹೋದ ಮೇಲೆ ಕೇಳಿದೆ. “ಎರಡು ತಿಂಗಳು! ನನಗೆ ಯಾಕೆ ಹೇಳಲಿಲ್ಲ?”

“ಅಪ್ಪಂಗೂ ಮೊದಲು ಹೊಟ್ಟೆನೋವೇ ಬಂದಿದ್ದು ಅಲ್ವಾ.”

“ಅದಕ್ಕೆ?”

“ಹೇಳಿದ್ರೆ ನೀನೂ ಹಾಗೇ ಅಂದ್ಕೊಳ್ತೀಯಾ. ಪೇಪರ್ ತಗೊಂಡು ಕೂತ್ಕೊಳ್ತೀಯಾ. ಅಡಿಗೆ ಮಾಡಲ್ಲ.” ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. “ನಂಗೂ ಅದೇನಾ ಅಮ್ಮಾ?”

“ಅಲ್ಲ ಕಣೇ. ಅಲ್ಲ.”

“ನಿಂಗೆ ಹೇಗೆ ಗೊತ್ತು? ಒಳಗೆ ನೋಡಿದ್ರೆ ಗೊತ್ತಾಗುತ್ತಲ್ವಾ? ನೋಡ್ಲಿ ಬಿಡು ಅಮ್ಮಾ. ನನಗೆ ಗೊತ್ತಾಗಬೇಕು.”

ನರ್ಸು ತಂದಿಟ್ಟ ಸ್ಕ್ಯಾನಿನ ಒಪ್ಪಿಗೆ ಫಾರಂ ಮೇಜಿನ ಮೇಲೆಯೇ ಇತ್ತು. ಸಹಿ ಹಾಕಿದೆ. ಪೆನ್ನು ಬರೆಯಲಿಲ್ಲ, ಅತ್ತಿಗೆಯ ಪೆನ್ನು ಇಸಿದುಕೊಂಡು ಮತ್ತೆ ಹಾಕಿದೆ.

ಆಮೇಲೆ ಅತ್ತಿಗೆಯ ಮೊಬೈಲಿನಿಂದ ರಾಮಮೋಹನ್ ಅವರಿಗೆ ಫೋನು ಮಾಡಿದೆ. ಹೇಳಿದ ಮಾತು ಕೇಳದೆ ಹೋದವಳೆಂದು ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

“ಸಾರ್, ಅಲ್ಲಿ ನಾನು ಏನು ಕೇಳಬೇಕು?”

“ಮಗು ತೂಕ ಎಷ್ಟು?”

“ಮೂವತ್ತನಾಲ್ಕು.”

“ಅದನ್ನ ಹೇಳಿ. ದೊಡ್ಡವರ ಸೆಟ್ಟಿಂಗ್ ಹಾಕಬೇಡಿ, ತೂಕಕ್ಕೆ ತಕ್ಕಷ್ಟು ಇಳಿಸಿ ಅನ್ನಿ. ಚಿತ್ರ ಸ್ಪಷ್ಟವಾಗಿ ಕಾಣೋಕೆ ರಕ್ತನಾಳಕ್ಕೆ ಔಷಧಿ ಕೊಡ್ತಾರೆ. ಅದಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ಅಂತ ಎರಡೆರಡು ಸುತ್ತು ಬೇಡ, ಕೊಟ್ಟ ಮೇಲಿನದೊಂದೇ ಸಾಕಾಗುತ್ತಾ ಅಂತ ಕೇಳಿ. ಹೊಟ್ಟೆ ಮಾತ್ರ, ಎದೆಯವರೆಗೆ ಬೇಡ. ಬರ್ಕೊಂಡ್ರಾ?”

ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಕೆಳಗೆ ಸ್ಕ್ಯಾನ್ ಕೋಣೆಗೆ ಹೋದೆ. ಟೆಕ್ನಿಷಿಯನ್ ಸಾಯಿಕಿರಣ್ ಎಂದು, ಮೂವತ್ತರ ಆಸುಪಾಸಿನವರು. ನಾನು ಓದಿದ್ದನ್ನೆಲ್ಲ ಕೇಳಿಸಿಕೊಂಡು, “ನೀವು ನರ್ಸಾ ಅಮ್ಮಾ?” ಎಂದರು.

“ಅಲ್ಲಪ್ಪಾ. ಟೋಕನ್ ಕೊಡೋಳು.”

ಅವರು ನಕ್ಕರು. ಒಳಗೆ ಹೋಗಿ ತಮ್ಮ ಡಾಕ್ಟರನ್ನು ಕೇಳಿಕೊಂಡು ಬಂದರು. ಒಂದೇ ಸುತ್ತು ಸಾಕಂತೆ, ತೂಕಕ್ಕೆ ತಕ್ಕಂತೆ ಇಳಿಸುತ್ತಾರಂತೆ. “ಕೇಳಿದ್ದು ಒಳ್ಳೇದಾಯ್ತು. ಯಾರೂ ಕೇಳಲ್ಲ” ಎಂದರು. ಯಾರೂ ಕೇಳದಿದ್ದರೆ ನೀವಾಗಿ ಮಾಡುವುದಿಲ್ಲವೇ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಹಾಳೆ ತಿರುಗಿಸಿ ನೋಡತೊಡಗಿದರು. ನಾನೂ ಬಿಡಲಿಲ್ಲ, ಇನ್ನೊಂದು ಸಲ ಕೇಳಿದೆ. ಇನ್ನು ಮಕ್ಕಳಿಗೆಲ್ಲ ನೋಡಿಯೇ ಹಾಕುತ್ತೇನೆ ಎಂದರು.

ಮೇಲೆ ಬಂದಾಗ ಅತ್ತಿಗೆ ಅನುವಿನ ತಲೆ ಬಾಚುತ್ತಿದ್ದರು. “ಎಲ್ಲಿಗೆ ಹೋಗಿದ್ದೆಯೇ ಇಷ್ಟು ಹೊತ್ತು? ಇಡ್ಲಿ ತಣ್ಣಗಾಯ್ತು” ಎಂದರು. ನಾಲ್ಕು ಇಡ್ಲಿ ತಿಂದೆ. ಅನು ನಾನು ತಿನ್ನುವುದನ್ನೇ ನೋಡುತ್ತಿದ್ದಳು.

ಕಿಡ್ನಿಯ ರಕ್ತಪರೀಕ್ಷೆಯ ರಿಪೋರ್ಟು ಬಂದ ಮೇಲೆಯೇ ಔಷಧಿ ಕೊಟ್ಟು ಸ್ಕ್ಯಾನ್ ಮಾಡುತ್ತಾರಂತೆ. ಅದು ರಾತ್ರಿ ಬರುತ್ತದೆ, ಅಲ್ಲಿಯವರೆಗೆ ಇಂಜೆಕ್ಷನ್ನು ನಡೆಯುತ್ತಿದೆ, ಚಳಿ ನಿಂತಿದೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಮೊದಲ ಹೆಸರು ಅನುವಿನದು. ಬೆಳಗಿನ ಜಾವ ಮೂರು ಗಂಟೆಯ ಮೇಲೆ ನೀರೂ ಕೊಡುವಂತಿಲ್ಲ.